ಸಂಜೆಗೆ ಮನೆ ಸೇರುವ ಯಾತ್ರೆಗಳು

ಉದ್ಯೋಗದಿಂದ ನಿವೃತ್ತನಾಗುವ ಕಾಲವು ಸಮೀಪಿಸಿದ ಗೃಹಸ್ಥನಿಗೆ ದೊರೆಯುವಷ್ಟು ಬುದ್ಧಿವಾದವು ಹೊಸದಾಗಿ ಹಸೆಮಣೆಯೇರುವ ವರನಿಗೂ ದೊರೆಯಲಾರದು. ಪಿಂಚಣಿಯ ಹಣವನ್ನು ಎಲ್ಲಿಡಬೇಕು, ಬೆಳಗ್ಗೆ ಎಷ್ಟು ದೂರ ನಡೆಯಬೇಕು, ಯಾವ ಎಣ್ಣೆಯನ್ನು ವರ್ಜಿಸಬೇಕು, ಕಾಶಿಗೆ ಮೊದಲು ಹೋಗಬೇಕೋ ರಾಮೇಶ್ವರಕ್ಕೆ ಮೊದಲು ಹೋಗಬೇಕೋ ಎಂಬುದನ್ನೆಲ್ಲ ಕೇಳದೆಯೇ ಹೇಳುವವರು ಬೀದಿಗೊಬ್ಬರಿರುತ್ತಾರೆ. ನಮಗೂ ಹೇಳಿದರು. ನಾವು ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿದವರಾದುದರಿಂದ ಸಹೋದ್ಯೋಗಿಗಳು ಉಪದೇಶಕ್ಕೆ ಶಾಸ್ತ್ರಾಧಾರವನ್ನೂ ಕೂಡಿಸಿ, “ಇನ್ನು ತಮ್ಮದು ವಾನಪ್ರಸ್ಥ” ಎಂದು ಹಾಸ್ಯಮಾಡುತ್ತಿದ್ದರು.

ಮೈ ಸುಕ್ಕುಗಟ್ಟಿ, ತಲೆ ನರೆತು, ಮಕ್ಕಳ ಮಕ್ಕಳನ್ನು ಕಂಡ ಗೃಹಸ್ಥನು ಕಾಡಿಗೆ ಹೊರಡಬೇಕೆಂದೂ, ಹೆಂಡತಿಯನ್ನು ಮಕ್ಕಳ ವಶಕ್ಕೆ ಒಪ್ಪಿಸಿಯಾಗಲಿ ಸಂಗಡ ಕರೆದುಕೊಂಡಾಗಲಿ ಹೋಗಬಹುದೆಂದೂ ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ವಿಧಿಸಿದೆ. ಸುಕ್ಕು, ನರೆ ಎರಡೂ ನಮಗೆ ಪ್ರಾಪ್ತವಾಗಿದ್ದವು. ಮೊಮ್ಮಗಳೊಬ್ಬಳು ಬೆಂಗಳೂರಿನಲ್ಲಿ ಅಂಬೆಗಾಲಿಡುತ್ತಿದ್ದಳು. ಕೊರತೆಯಾದುದು ಕಾಡು ಮಾತ್ರ. ಮೈಸೂರಿನ ಸುತ್ತ ಉಳಿದಿರುವ ಕಾಡಿನಲ್ಲಿ ಹೊತ್ತು ಮುಳುಗಿದ ಮೇಲೆ ಇರಲು ಅರಣ್ಯ ಇಲಾಖೆಯವರು ಒಪ್ಪುವುದಿಲ್ಲ. ಆದುದರಿಂದ ನಮ್ಮ ವಾನಪ್ರಸ್ಥವು ಬೆಳಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ಬಗೆಯದಾಯಿತು. ಅದು ಆರಂಭವಾದುದು ಮಾತ್ರ ಶಾಸ್ತ್ರದಿಂದಲ್ಲ, ದಂಟಿನ ಸೊಪ್ಪಿನಿಂದ.

೨೦೨೩ನೆಯ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಆ ಸಮಾಚಾರವನ್ನು ಪತ್ರಿಕೆಯಲ್ಲಿ ಕಂಡು ಬಹು ಉತ್ಸಾಹದಿಂದ ಗಟ್ಟಿಯಾಗಿ ಓದಿದೆವು. ನಮ್ಮ ಗೃಹಿಣಿ ಎದುರಿಗೆ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ಓದಿ ಮುಗಿದ ಮೇಲೆ, “ಸೋಮನಾಥಪುರ ಇಲ್ಲಿಗೆ ಎಷ್ಟು ದೂರ?” ಎಂದು ಕೇಳಿದಳು.

“ಸುಮಾರು ೩೫ ಕಿಲೋಮೀಟರು.”

“ನೀವು ಎಷ್ಟು ಸಲ ಹೋಗಿದ್ದೀರಿ?”

“ಹನ್ನೊಂದು ಸಲ” ಎಂದೆವು, ಸ್ವಲ್ಪ ಹೆಮ್ಮೆಯಿಂದಲೇ.

ಆಕೆ ಮತ್ತೇನೂ ಹೇಳಲಿಲ್ಲ. ದಂಟನ್ನು ಒಂದು ಕಡೆಗೂ ಎಲೆಯನ್ನು ಒಂದು ಕಡೆಗೂ ಹಾಕುತ್ತಿದ್ದಳು. ಹನ್ನೊಂದು ಸಲವೂ ನಾವು ಹೋದುದು ಶಾಲೆಯ ಮಕ್ಕಳೊಡನೆ. ಹನ್ನೊಂದು ಸಲವೂ ನಮ್ಮ ಚೀಲದಲ್ಲಿದ್ದುದು ಆಕೆ ಕಟ್ಟಿಕೊಟ್ಟ ಪುಳಿಯೋಗರೆ. ಆಕೆ ಈ ಮನೆಗೆ ಬಂದು ಮೂವತ್ತುನಾಲ್ಕು ವರ್ಷಗಳಾಗಿದ್ದವು. ಪುಳಿಯೋಗರೆಯು ಹನ್ನೊಂದು ಸಲ ಕಂಡ ಗುಡಿಯನ್ನು ಅದನ್ನು ಕಲಸಿದವಳು ಒಂದು ಸಲವಾದರೂ ಕಂಡಿರಲಿಲ್ಲ. “ನಿವೃತ್ತಿಯಾಗಲಿ, ಆಮೇಲೆ ಎಲ್ಲವನ್ನೂ ನೋಡೋಣ” ಎಂಬುದು ನಮ್ಮ ವಾಡಿಕೆಯ ಮಾತು. ನಿವೃತ್ತಿಗೆ ಇನ್ನೂ ಎರಡು ವರ್ಷಗಳಿದ್ದವು. ಆ ದಿವಸ ಆ ಮಾತು ನಮ್ಮ ಬಾಯಿಗೆ ಬರಲಿಲ್ಲ.

ದಸರೆಯ ರಜೆಯಲ್ಲಿ ಹೊರಟೆವು. ಅದೇ ವರ್ಷದ ಜೂನಿನಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ದರವಿಲ್ಲದೆ ಪ್ರಯಾಣಮಾಡುವ ಅನುಕೂಲವು ಬಂದಿತ್ತು. ನಿರ್ವಾಹಕನು ನಮಗೆ ಪೂರ್ಣ ದರದ ಟಿಕೆಟನ್ನೂ ಆಕೆಗೆ ಶೂನ್ಯ ದರದ ಟಿಕೆಟನ್ನೂ ಹರಿದುಕೊಟ್ಟನು. ಆಕೆ ತನ್ನ ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ, ಮಡಿಸಿ, ಕುಂಕುಮದ ಭರಣಿಯಿದ್ದ ಕೈಚೀಲದಲ್ಲಿಟ್ಟುಕೊಂಡಳು. ಬನ್ನೂರಿನಲ್ಲಿಳಿದು ಬೇರೆ ಬಸ್ಸು ಹತ್ತಿದೆವು. ಎರಡು ಪಕ್ಕದಲ್ಲಿಯೂ ಕಾಲುವೆಯ ನೀರುಂಡ ಬತ್ತದ ಗದ್ದೆ, ಕಬ್ಬಿನ ತೋಟ, ತೆಂಗು.

ಗುಡಿಯ ಅಂಗಳಕ್ಕೆ ಕಾಲಿಟ್ಟ ಕೂಡಲೆ ನಮ್ಮಲ್ಲಿದ್ದ ಉಪಾಧ್ಯಾಯನು ಎಚ್ಚೆತ್ತನು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ಇದನ್ನು ಕಟ್ಟಿಸಿದುದು, ಒಂದೇ ನವರಂಗಕ್ಕೆ ಮೂರು ಗರ್ಭಗುಡಿಗಳಿರುವುದು, ಅವುಗಳಲ್ಲಿ ಜನಾರ್ದನ ವೇಣುಗೋಪಾಲರ ಮೂರ್ತಿಗಳು ಉಳಿದು ಕೇಶವನ ಮೂಲಮೂರ್ತಿಯು ಕಾಣೆಯಾದುದು, ಶಿಲ್ಪಿ ಮಲ್ಲಿತಮ್ಮನು ತನ್ನ ಹೆಸರನ್ನು ಕಲ್ಲಿನಲ್ಲಿ ಕೊರೆದುದು, ಇವೆಲ್ಲವನ್ನೂ ಕ್ರಮವಾಗಿ ವಿವರಿಸುತ್ತಾ ಜಗತಿಯ ಮೇಲೆ ಪ್ರದಕ್ಷಿಣೆ ಹೊರಟೆವು. ಕೆಳಗಿನ ಪಟ್ಟಿಯಲ್ಲಿ ಆನೆ, ಅದರ ಮೇಲೆ ಕುದುರೆಯ ಸವಾರರು, ಅದರ ಮೇಲೆ ಬಳ್ಳಿ, ಆಮೇಲೆ ಪುರಾಣದ ಕಥೆಗಳು, ಮಕರ, ಹಂಸ. ಹಂಸದವರೆಗೆ ಬಂದು, “ತಿಳಿಯಿತೆ?” ಎಂದು ಅಭ್ಯಾಸಬಲದಿಂದ ಹಿಂತಿರುಗಿ ನೋಡಿದರೆ ಶ್ರೋತೃವರ್ಗವೇ ಇರಲಿಲ್ಲ.

ಅಂಗಳದ ಸುತ್ತಲೂ ಇರುವ ಕೈಸಾಲೆಯಲ್ಲಿ ಒಂದು ಕಂಬಕ್ಕೆ ಒರಗಿ ಆಕೆ ನಿದ್ರೆಹೋಗಿದ್ದಳು. ಊಟದ ಡಬ್ಬಿಯ ಚೀಲವು ಮಡಿಲಿನಲ್ಲಿತ್ತು. ಕನ್ನಡಕವು ಮೂಗಿನ ತುದಿಗೆ ಜಾರಿತ್ತು. ಬೆರಳುಗಳಲ್ಲಿ ಅರಿಸಿನದ ಕಲೆ ಇನ್ನೂ ಹೋಗಿರಲಿಲ್ಲ. ಆಕೆ ಆ ದಿವಸ ಎದ್ದುದು ಮೂರೂವರೆ ಗಂಟೆಗೆ. ಪುಳಿಯೋಗರೆ, ಮೊಸರನ್ನ, ಕೋಡುಬಳೆ ಇವುಗಳನ್ನು ಮಾಡಿ, ಪಾತ್ರೆ ತೊಳೆದು, ಮನೆ ಸಾರಿಸಿ, ಐದೂವರೆಗೆ ನಮ್ಮನ್ನು ಕಾಫಿಯ ಲೋಟದೊಡನೆ ಎಬ್ಬಿಸಿದ್ದಳು. ಪ್ರವಾಸದ ಸಿದ್ಧತೆಯೆಂದರೆ ನಮ್ಮ ಪಾಲಿಗೆ ಬಸ್ಸಿನ ವೇಳೆಯನ್ನು ವಿಚಾರಿಸುವುದಷ್ಟೆ ಆಗಿತ್ತು.

ಆಕೆಯನ್ನು ಎಬ್ಬಿಸಲಿಲ್ಲ. ಪಕ್ಕದ ಕಂಬದ ಬುಡದಲ್ಲಿ ನಾವೂ ಕುಳಿತೆವು. ಒಂದು ಗಂಟೆಯ ಹೊತ್ತು ಅಲ್ಲಿ ಬಾಯಿ ಮುಚ್ಚಿಕೊಂಡಿದ್ದೆವು. ಹನ್ನೊಂದು ಸಲ ಬಂದಾಗಲೂ ಕಾಣದಿದ್ದ ಒಂದು ವಿಶೇಷವು ಆಗ ಕಂಡಿತು: ಬಿಸಿಲು ಸರಿದಂತೆಲ್ಲ ನಕ್ಷತ್ರಾಕಾರದ ಗೋಡೆಯ ಮೂಲೆಗಳು ಒಂದಾದ ಮೇಲೊಂದರಂತೆ ಬೆಳಗಿ ಆರುತ್ತಿದ್ದುವು. ಮಾತಿಗೆ ಬಿಡುವು ಕೊಟ್ಟವನಿಗೆ ಮಾತ್ರ ಕಾಣುವ ಸಂಗತಿ ಅದು. ಆಕೆ ಎಚ್ಚತ್ತೊಡನೆ ಆಡಿದ ಮೊದಲ ಮಾತು, “ಅಯ್ಯೋ, ಹೊತ್ತಾಗಿಹೋಯಿತೆ? ನಿಮಗೆ ಹಸಿವಾಯಿತೇನೊ” ಎಂಬುದು.

ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕುಳಿತು, “ಒಳ್ಳೆಯ ವಿಶ್ರಾಂತಿಯಾಯಿತು” ಎಂದೆವು. ಆಕೆ ಸಾರಿಗೆ ಬೇಳೆಯನ್ನು ತೊಳೆಯುತ್ತಾ, “ನಿಮಗಾಯಿತಲ್ಲ, ಸರಿ” ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾವು ಅಷ್ಟು ದಿವಸ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಿರಲಿಲ್ಲ.

ನಿವೃತ್ತಿಯೆಂಬುದು ಗಂಡಸಿಗೆ ಮಾತ್ರ ಏರ್ಪಟ್ಟಿರುವ ಸೌಕರ್ಯವೆಂದು ನಮಗೆ ಅಂದು ಮೊದಲು ಹೊಳೆಯಿತು. ಅರವತ್ತು ತುಂಬಿದ ತಿಂಗಳ ಕೊನೆಯ ದಿವಸ ನಮಗೆ ಹಾರ ಹಾಕಿ ಕಳುಹಿಸುವರು. ಅಡಿಗೆಯ ಮನೆಯಿಂದ ಯಾರನ್ನೂ ಹಾರ ಹಾಕಿ ಕಳುಹಿಸಿದುದನ್ನು ನಾವು ಕಂಡಿಲ್ಲ. ಹಾಗಿದ್ದ ಮೇಲೆ, ಗಂಡನಿಗೆ ರಜೆಯಾಗಿ ಹೆಂಡತಿಗೆ ಇಮ್ಮಡಿ ಕೆಲಸವಾಗುವ ಪ್ರವಾಸವು ಎಷ್ಟರ ಪ್ರವಾಸ?

ಮುಂದಿನ ತಿಂಗಳಿಂದ ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ಒಂದು ದಿವಸಕ್ಕೆ ಒಂದೇ ಸ್ಥಳ. ಆದಷ್ಟೂ ಭಾನುವಾರವಲ್ಲದ ರಜೆಯ ದಿವಸ. ಜನಸಂದಣಿಯಲ್ಲಿ ದೇವರೂ ಕಾಣುವುದಿಲ್ಲ, ಕುಳಿತುಕೊಳ್ಳಲು ನೆರಳೂ ಸಿಕ್ಕುವುದಿಲ್ಲ. ಸ್ಥಳವನ್ನು ಆರಿಸುವವಳು ಆಕೆ. ಕೇಳಿದ ಹೊರತು ನಾವು ಉಪನ್ಯಾಸ ಮಾಡತಕ್ಕುದಲ್ಲ. ಬುತ್ತಿಯ ಹೊಣೆ ನಮ್ಮದು; ರಾತ್ರಿಗೆ ಹೋಟೆಲಿನ ಇಡ್ಲಿ.

ಇವುಗಳಲ್ಲಿ ಕಠಿಣವಾದುದು ಬುತ್ತಿ. ನಾವು ಕಲಿತುದು ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿಮಾಡಿ, ಹುಣಿಸೆಯ ರಸ, ಬೆಲ್ಲ, ಉಪ್ಪು, ಸಾರಿನಪುಡಿ ಸೇರಿಸಿದ ನೀರಿನಲ್ಲಿ ನೆನೆಹಾಕಿ, ಅದು ಅರಳಿದ ಮೇಲೆ ಸಾಸಿವೆ, ಕಡಲೆಕಾಯಿಬೀಜ, ಕರಿಬೇವುಗಳ ಒಗ್ಗರಣೆ ಕೊಟ್ಟು ಕೊಬ್ಬರಿಯ ತುರಿಯನ್ನು ಉದುರಿಸಬೇಕು. ಕೇಳುವುದಕ್ಕೆ ಸುಲಭ. ನಮ್ಮ ಮೊದಲನೆಯ ಪಾಕವು ಹುಣಿಸೆಯ ಆಧಿಕ್ಯದಿಂದ ಹಲ್ಲು ಚುಳುಗುಟ್ಟಿಸುವಂತಿತ್ತು. ಎರಡನೆಯದು ನೀರು ಹೆಚ್ಚಾಗಿ ಗಂಜಿಯಾಯಿತು. ಎರಡನ್ನೂ ಆಕೆ ಮಾತಿಲ್ಲದೆ ತಿಂದಳು. ಮೂರನೆಯದಕ್ಕೆ ಮಾತ್ರ, “ಇನ್ನಷ್ಟು ಇದೆಯೆ?” ಎಂದು ಕೇಳಿದಳು. ಪರೀಕ್ಷೆಯಲ್ಲಿ ಉತ್ತೀರ್ಣನಾದವನ ಸಂತೋಷವು ಏನೆಂಬುದು ನಮಗೆ ಅಷ್ಟು ವರ್ಷ ಪರೀಕ್ಷೆ ಮಾಡಿದಾಗಲೂ ತಿಳಿದಿರಲಿಲ್ಲ.

ಮರುವರ್ಷ ಮಾಘದಲ್ಲಿ ರಂಗನತಿಟ್ಟಿಗೆ ಹೋದೆವು. ಕಾವೇರಿಯ ಈ ನಡುಗಡ್ಡೆಗಳನ್ನು ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇಲೆ ಮೈಸೂರು ಸಂಸ್ಥಾನದವರು ೧೯೪೦ರಲ್ಲಿ ಪಕ್ಷಿಧಾಮವನ್ನಾಗಿ ಮಾಡಿದರು. ೨೦೨೨ರಲ್ಲಿ ಇದು ರಾಮ್ಸರ್ ಪಟ್ಟಿಗೂ ಸೇರಿತು. ಅರಣ್ಯ ಇಲಾಖೆಯ ದೋಣಿಯಲ್ಲಿ ಕುಳಿತೆವು. ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು, ನಿವೃತ್ತರಿಗೆಲ್ಲ ಮೇಲ್ಪಂಕ್ತಿಯಾಗುವಂತೆ ಅಲುಗದೆ ಮಲಗಿತ್ತು. ಮರಗಳ ತುಂಬ ಬಣ್ಣದ ಕೊಕ್ಕರೆಗಳು. ಒಂದು ಗೂಡಿನಲ್ಲಿ ಕುಳಿತಿದ್ದ ಹಕ್ಕಿಯು ಎದ್ದುಹೋಗಿ ಮತ್ತೊಂದು ಬಂದು ಅದರ ಸ್ಥಾನದಲ್ಲಿ ಕುಳಿತಿತು. ಗಂಡೂ ಹೆಣ್ಣೂ ಸರದಿಯ ಮೇಲೆ ಕಾವು ಕೊಡುತ್ತವೆಯೆಂದು ದೋಣಿಯವನು ಹೇಳಿದನು. “ಇವರ ರಜಾ ಪದ್ಧತಿ ಚೆನ್ನಾಗಿದೆ” ಎಂದಳು ಆಕೆ. ದೋಣಿಯವನು ನಕ್ಕನು. ನಾವು ಹೆಜ್ಜಾರ್ಲೆಗಳನ್ನು ನೋಡುವ ನೆಪದಿಂದ ಮುಖವನ್ನು ಆಚೆಗೆ ತಿರುಗಿಸಿದೆವು.

ಹಿಮವದ್ಗೋಪಾಲಸ್ವಾಮಿ ಬೆಟ್ಟವು ೧೪೫೪ ಮೀಟರು ಎತ್ತರದ್ದು, ಬಂಡೀಪುರದ ಕಾಡಿನೊಳಗಿನದು. ಸ್ವಂತ ವಾಹನಗಳನ್ನು ಅಡಿಯಲ್ಲಿಯೇ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲಕ್ಕೆ ಹೋಗಬೇಕು. ಮೊಣಕಾಲು ನೋಯುವವರಿಗೆ ಇದಕ್ಕಿಂತ ಅನುಕೂಲವಾದ ಬೆಟ್ಟವಿಲ್ಲ. ಮಂಜು ಬಂದು ಗುಡಿಯನ್ನೂ ನಮ್ಮನ್ನೂ ಮುಚ್ಚಿ ತೆರೆಯುತ್ತಿರಲು, ಆಕೆ ತನ್ನ ಬಾಲ್ಯದ ಸಂಗತಿಗಳನ್ನು ಹೇಳಿದಳು: ತವರಿನ ಹಿತ್ತಿಲಿನ ಬಾವಿ, ಎಂಟನೆಯ ತರಗತಿಯಲ್ಲಿ ತನಗೆ ಬಂದ ಬಹುಮಾನ, ಮುಂದಕ್ಕೆ ಓದಬೇಕೆಂದು ಅತ್ತ ರಾತ್ರಿ. ಮೂವತ್ತುನಾಲ್ಕು ವರ್ಷಗಳ ಸಂಸಾರದಲ್ಲಿ ನಮಗೆ ಬಹುಮಾನದ ವಿಷಯವೂ ತಿಳಿದಿರಲಿಲ್ಲ, ಅತ್ತ ವಿಷಯವೂ ತಿಳಿದಿರಲಿಲ್ಲ. ಮನೆಯಲ್ಲಿ ಮಾತಿಗೆ ಬಿಡುವಿರಲಿಲ್ಲವೆಂದಲ್ಲ. ಅಲ್ಲಿ ಕುಕ್ಕರು ಕೂಗುತ್ತದೆ, ಹಾಲಿನವನು ಕರೆಯುತ್ತಾನೆ, ದೂರವಾಣಿ ಹೊಡೆದುಕೊಳ್ಳುತ್ತದೆ; ಒಂದು ಮಾತು ಮೊಳೆತು ಎಲೆಯೊಡೆಯುವಷ್ಟರಲ್ಲಿ ಕಾಲಿಗೆ ಸಿಕ್ಕಿ ನಲುಗುತ್ತದೆ. ಮನೆಯಿಂದ ಐವತ್ತು ಅರವತ್ತು ಕಿಲೋಮೀಟರು ದೂರ ಹೋದರೆ ಅದೇ ಮಾತು ಬೆಳೆಯಲು ಸ್ಥಳ ಸಿಕ್ಕುತ್ತದೆ.

೨೦೨೫ರಲ್ಲಿ ನಿವೃತ್ತರಾದೆವು. ಹಾರ, ಶಾಲು, ಫಲತಾಂಬೂಲ ಎಲ್ಲವೂ ಆಯಿತು. ಮರುದಿವಸದಿಂದ ಹೊತ್ತು ಕಳೆಯುವುದು ಹೇಗೆಂದು ತಿಳಿಯದೆ ಅಡಿಗೆಮನೆಯ ಡಬ್ಬಿಗಳನ್ನು ಅಕಾರಾದಿಯಲ್ಲಿ ಜೋಡಿಸಿದೆವು: ಅರಿಸಿನ, ಅವಲಕ್ಕಿ, ಉದ್ದು, ಕಡಲೆ, ಕೊತ್ತಂಬರಿ. ಶಾಸ್ತ್ರೀಯವಾದ ಕೆಲಸ. ಸಾಸಿವೆಯು ವರ್ಣಮಾಲೆಯ ಕೊನೆಗೆ ಹೋಗಿ ಸೇರಿತು. ಒಗ್ಗರಣೆಗೆ ಎಣ್ಣೆಯಿಟ್ಟು, ಕೈ ರೂಢಿಯಂತೆ ಹೋದಲ್ಲಿ ಸಾಸಿವೆ ಸಿಕ್ಕದೆ, ಎಣ್ಣೆಯು ಹೊಗೆಯಾಡಿ ಮನೆಯೆಲ್ಲ ಘಾಟಾಯಿತು. “ನಿಮ್ಮ ಶಾಲೆ ಮುಗಿಯಿತೆಂದು ನನ್ನ ಅಡಿಗೆಮನೆಯನ್ನು ಶಾಲೆ ಮಾಡಬೇಡಿ” ಎಂದು ಆಕೆ ಕೈಮುಗಿದಳು. ಡಬ್ಬಿಗಳು ಸಂಜೆಯೊಳಗೆ ಸ್ವಸ್ಥಾನಗಳಿಗೆ ಮರಳಿದುವು. ತಿಂಗಳಿಗೊಂದಾವೃತ್ತಿ ಹೊರಗೆ ಹೋಗುವ ಅಭ್ಯಾಸವು ಮೊದಲೇ ಇರದಿದ್ದರೆ, ಎರಡು ಕೋಣೆಯ ಮನೆಯಲ್ಲಿ ಇಪ್ಪತ್ತುನಾಲ್ಕು ಗಂಟೆಯೂ ಎದುರುಬದುರಾಗಿರುವುದು ನಮ್ಮಿಬ್ಬರಿಗೂ ಎಷ್ಟು ಕಷ್ಟವಾಗುತ್ತಿತ್ತೆಂಬುದನ್ನು ಆಗ ತಿಳಿದೆವು. ಆದುದರಿಂದ ಕಿರುಪ್ರವಾಸದ ರೂಢಿಯನ್ನು ನಿವೃತ್ತಿಗೆ ಎರಡು ಮೂರು ವರ್ಷ ಮೊದಲೇ ಹಾಕಿಕೊಳ್ಳುವುದು ಮೇಲು. ಅರವತ್ತನೆಯ ವಯಸ್ಸಿನಲ್ಲಿ ಡಬ್ಬಿಯನ್ನು ಜೋಡಿಸಿದಷ್ಟು ಸುಲಭವಾಗಿ ಸ್ನೇಹವನ್ನು ಜೋಡಿಸಲಾಗುವುದಿಲ್ಲ.

ನಿವೃತ್ತಿಯ ಆರನೆಯ ತಿಂಗಳಲ್ಲಿ ಆಕೆ ಆರಿಸಿದುದು ಮೇಲುಕೋಟೆಯನ್ನು. ಚೆಲುವನಾರಾಯಣನ ದರ್ಶನವಾಗಿ, ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದು, ಯೋಗಾನರಸಿಂಹನ ಬೆಟ್ಟವನ್ನು ಹತ್ತಲು ತೊಡಗಿದೆವು. ಮೊಣಕಾಲು ನೋವು ಆಕೆಯದು. ಆದುದರಿಂದ ಹಿಂದೆ ಬೀಳುವವಳು ಆಕೆಯೇ ಎಂದು ನಂಬಿ, “ನಿಧಾನ, ನಿಧಾನ” ಎಂದು ಎಚ್ಚರಿಕೆ ಹೇಳುತ್ತಾ ಮುಂದೆ ನಡೆದೆವು. ಅರ್ಧಕ್ಕಿಂತ ಮೊದಲೇ ನಮಗೆ ಉಸಿರು ಸಾಲದಾಯಿತು. ಎದೆಯ ಮೇಲೆ ಯಾರೋ ಹಲಗೆಯನ್ನಿಟ್ಟಂತಾಗಿ, ಹಣೆಯಲ್ಲಿ ತಣ್ಣನೆಯ ಬೆವರು ಬಂದಿತು. ಮೆಟ್ಟಿಲಿನ ಪಕ್ಕದ ನೆರಳಿನಲ್ಲಿ ಕುಳಿತೆವು. ಆಕೆ ಗಾಬರಿಗೊಂಡು, ಇಳಿದುಹೋಗೋಣವೆಂದಳು. ನೀರು ಕುಡಿದು ಕುಳಿತ ಮೇಲೆ ಉಸಿರು ತಹಬಂದಿಗೆ ಬಂದಿತು. “ದಣಿವಷ್ಟೆ. ಇಲ್ಲಿಯವರೆಗೆ ಬಂದು ನೀನೂ ನೋಡದೆ ಹೋಗುವುದೆ? ಹೋಗಿ ಬಾ” ಎಂದೆವು. ಎದೆಯ ಬಿಗಿತದ ವಿಷಯವನ್ನು ಹೇಳಲಿಲ್ಲ.

ಹೇಳದೆ ಇದ್ದುದು ತಪ್ಪು. ಅದನ್ನು ಇಲ್ಲಿ ಮುಚ್ಚಿಡದೆ ಬರೆಯುತ್ತೇವೆ. ನಮ್ಮ ವಯಸ್ಸಿನವರಾರೂ ಹೀಗೆ ಮಾಡಬಾರದು. ಎದೆ ಬಿಗಿದು ಬೆವರು ಬಂದರೆ ದಾಕ್ಷಿಣ್ಯವನ್ನು ಬಿಟ್ಟು ಒಡನೆಯೆ ಹೇಳಬೇಕು, ಹೊತ್ತು ಕಳೆಯದೆ ವೈದ್ಯರ ಬಳಿಗೆ ಹೋಗಬೇಕು.

ಮೇಲಕ್ಕೆ ಹೋಗುತ್ತಿದ್ದ ಹೆಂಗಸರ ಗುಂಪೊಂದರ ಜೊತೆಯಲ್ಲಿ ಆಕೆ ಹತ್ತಿದಳು. ನಾಲ್ಕು ಮೆಟ್ಟಿಲಿಗೊಮ್ಮೆ ಹಿಂತಿರುಗಿ ನೋಡಿದಳು, ಆಮೇಲೆ ಹತ್ತಕ್ಕೊಮ್ಮೆ, ಆಮೇಲೆ ತಿರುವಿನಲ್ಲಿ ಮರೆಯಾದಳು. ನಾವು ಒಬ್ಬರೇ ಉಳಿದೆವು. ಹೆಂಡತಿಯನ್ನು ಬಿಟ್ಟುಹೋಗುವ ಗಂಡನನ್ನೂ ಕರೆದೊಯ್ಯುವ ಗಂಡನನ್ನೂ ಮನುವು ಹೇಳಿದ್ದಾನೆ. ಹೆಂಡತಿಯು ಮೇಲಕ್ಕೆ ಹೋಗಿ ಗಂಡನು ಮೆಟ್ಟಿಲಿನ ಮೇಲೆ ಕುಳಿತಿರುವ ಮೂರನೆಯ ಪಕ್ಷವನ್ನು ಹೇಳಿಲ್ಲ. ಎಂದಾದರೊಂದು ದಿವಸ ಇಬ್ಬರಲ್ಲಿ ಒಬ್ಬರು ಹೀಗೆ ಹಿಂದೆ ಉಳಿಯಬೇಕಾದುದೇ ಎಂಬ ಸಂಗತಿಯು ಆ ನೆರಳಿನಲ್ಲಿ ನಮ್ಮ ಎದುರಿಗೆ ಬಂದು ಕುಳಿತಿತು. ತಿಳಿಯದ ವಿಷಯವಲ್ಲ, ಎಷ್ಟೋ ಶ್ಲೋಕಗಳನ್ನು ಮಕ್ಕಳಿಗೆ ಅನ್ವಯಮಾಡಿ ಅರ್ಥ ಹೇಳಿದ್ದೇವೆ. ನಮಗೇ ಅನ್ವಯಮಾಡಿಕೊಂಡಿರಲಿಲ್ಲ.

ಮುಕ್ಕಾಲು ಗಂಟೆ ಕಳೆದ ಮೇಲೆ ಆಕೆ ಇಳಿದು ಬಂದಳು. ಕೈಯಲ್ಲಿ ತುಲಸಿಯ ಪ್ರಸಾದವಿತ್ತು. ಕೂದಲು ಗಾಳಿಗೆ ಕೆದರಿತ್ತು. ಮುಖದಲ್ಲಿ ನಾವು ಎಂದೂ ಕಾಣದಿದ್ದ ಒಂದು ನೆಮ್ಮದಿಯಿತ್ತು. “ತಡವಾಯಿತೆ? ಮೇಲೆ ಸುಮ್ಮನೆ ನಿಂತಿದ್ದೆ. ಕಲ್ಯಾಣಿ ಅಂಗೈಯಷ್ಟು ಕಾಣುತ್ತದೆ. ಬಹಳ ಗಾಳಿ. ಯಾರೂ ನನ್ನನ್ನು ಏನೂ ಕೇಳಲಿಲ್ಲ” ಎಂದಳು. ಕೊನೆಯ ಮಾತನ್ನು ತಾನೇ ಕೇಳಿ ಬೆರಗಾದವಳಂತೆ ನಕ್ಕಳು. ಆ ನಗುವು ಮುಗಿಯುವವರೆಗೆ ಕಾದಿದ್ದು, ಎದೆಯ ವಿಷಯವನ್ನು ಆಮೇಲೆ ಹೇಳಿದೆವು.

ಆಕೆ ಬೈದುದು ಬಹಳ, ಅತ್ತುದು ಸ್ವಲ್ಪ. ಮರುದಿವಸ ಬೆಳಗ್ಗೆ ವೈದ್ಯರು ಪರೀಕ್ಷೆಮಾಡಿ, ಹೃದಯದ ನಾಳವೊಂದು ಕಿರಿದಾಗಿದೆಯೆಂದೂ, ಸದ್ಯಕ್ಕೆ ಗುಳಿಗೆಗಳು ಸಾಕೆಂದೂ, ಸಮನೆಲದಲ್ಲಿ ನಡೆಯಬಹುದು, ಬೆಟ್ಟ ಮಾತ್ರ ಬೇಡವೆಂದೂ ಹೇಳಿದರು.

ಸಂಸ್ಕೃತದಲ್ಲಿ ಏಕವಚನ ಬಹುವಚನಗಳ ನಡುವೆ ದ್ವಿವಚನವೆಂಬುದೊಂದುಂಟು. ಮಕ್ಕಳಿಗೆ ಅದೊಂದು ದೊಡ್ಡ ತಲೆನೋವು. “ಎರಡಕ್ಕೆಂದೇ ಬೇರೆ ರೂಪವೇಕೆ ಸಾರ್?” ಎಂದು ಪ್ರತಿ ವರ್ಷವೂ ಒಬ್ಬ ಹುಡುಗನು ಕೇಳುತ್ತಿದ್ದನು. ಕಣ್ಣು, ಕೈ, ಕಾಲು ಎರಡೆರಡು ಇರುವುದರಿಂದ ಎಂದು ಹೇಳಿ ಸುಮ್ಮನಾಗಿಸುತ್ತಿದ್ದೆವು. ಗಂಡಹೆಂಡಿರನ್ನು ಹೇಳುವ ‘ದಂಪತೀ’ ಎಂಬ ಶಬ್ದವು ದ್ವಿವಚನದಲ್ಲಿಯೇ ನಡೆಯುತ್ತದೆಂಬುದನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೇವೆ. ಒಬ್ಬನೇ ಇರಲಿ ಇಬ್ಬರೇ ಇರಲಿ ತಮ್ಮನ್ನು ಬಹುವಚನದಿಂದ ಹೇಳಿಕೊಳ್ಳಬಹುದೆಂದು ಪಾಣಿನಿಯು ಅನುಮತಿ ಕೊಟ್ಟಿದ್ದಾನೆ. ಈ ಲೇಖನದಲ್ಲಿಯೂ ಆ ಅನುಮತಿಯಂತೆ ‘ನಾವು’ ಎಂದೇ ಬರೆಯುತ್ತ ಬಂದೆವು. ಆದರೆ ನಮ್ಮ ಮನೆಯಲ್ಲಿ “ನಾವು ಸೋಮನಾಥಪುರವನ್ನು ನೋಡಿದ್ದೇವೆ” ಎಂದು ಅಷ್ಟು ಕಾಲ ಹೇಳಿದಾಗ ಆ ‘ನಾವು’ ಒಬ್ಬನದೇ ಆಗಿತ್ತು. ಅದರೊಳಗೆ ಇಬ್ಬರು ಬಂದುದು ಈಚೆಗೆ.

ದೊಡ್ಡ ಯಾತ್ರೆಗಳನ್ನು ನಾವು ಹಳಿಯುವುದಿಲ್ಲ. ಶಕ್ತಿಯುಳ್ಳವರು ಕಾಶಿಗೂ ಹೋಗಲಿ, ಕೇದಾರಕ್ಕೂ ಹೋಗಲಿ. ಆದರೆ ಅವುಗಳಿಗಾಗಿ ಕಾದಿದ್ದು ಮೂವತ್ತೈದು ಕಿಲೋಮೀಟರಿನಾಚೆಯದನ್ನು ಮುಂದಕ್ಕೆ ಹಾಕುವುದು ಜಾಣತನವಲ್ಲ. ಮೊಣಕಾಲು, ಎದೆ ಇವೆರಡೂ ನಮ್ಮ ನಿವೃತ್ತಿಯ ದಿನಾಂಕವನ್ನು ನೋಡಿಕೊಂಡು ಕಾಯುವುದಿಲ್ಲ.

ನಾಳೆ ತಲಕಾಡಿಗೆ ಹೋಗುವುದೆಂದು ಆಕೆ ನಿಶ್ಚಯಿಸಿದ್ದಾಳೆ. ಮರಳು, ನೀರು, ಸಮನೆಲ, ಹತ್ತುವ ಕೆಲಸವಿಲ್ಲ. ಗುಳಿಗೆಯ ಡಬ್ಬಿಯು ಆಕೆಯ ಕೈಚೀಲದಲ್ಲಿ, ಬುತ್ತಿಯ ಚೀಲವು ನಮ್ಮ ಹೆಗಲಿನಲ್ಲಿ. ರಾತ್ರಿ ಒಂಬತ್ತಾಯಿತು. ಆಕೆ ಆಗಲೇ ಮಲಗಿದ್ದಾಳೆ. ಗೊಜ್ಜವಲಕ್ಕಿಗೆ ಹುಣಿಸೆಹಣ್ಣನ್ನು ನೆನೆಹಾಕಬೇಕಾಗಿರುವುದರಿಂದ ಲೇಖನಿಯನ್ನು ಇಲ್ಲಿಗೆ ಕೆಳಗಿಡುತ್ತೇವೆ.